ಗೋಡೆಗೆ ಕಾಗದ ಹೊದಿಸುವ ಮುನ್ನ

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳೆಯ ಮನೆಗಳ ಗೋಡೆಗಳು ಹಬ್ಬಹಬ್ಬಕ್ಕೂ ಸುಣ್ಣ ಕಂಡಂಥವು. ಅವುಗಳಿಗೆ ಮೊದಲ ಸಲ ಬಣ್ಣದ ಕಾಗದ ಹೊದಿಸಬಯಸುವ ಶರಣಬಂಧುಗಳಿಗೆ ನಾವು ಹೇಳುವುದಿಷ್ಟು: ಸುಣ್ಣದ ಪುಡಿಯ ಮೇಲೆ ಅಂಟು ನಿಲ್ಲದು. ಅಂಗೈಯಿಂದ ಸವರಿದಾಗ ಬಿಳುಪು ಹತ್ತಿದರೆ ಆ ಪದರವನ್ನು ಕೆರೆದು, ತೊಳೆದು, ಒಣಗಿಸಿ, ತೆಳುವಾದ ಅಂಟನ್ನು ಒಮ್ಮೆ ಬಳಿದು ಆರಿಸಿದ ಮೇಲೆಯೇ ಮುಂದುವರಿಯಬೇಕು. ಬುಡದಿಂದ ತೇವವೇರುವ ಗೋಡೆಗಂತೂ ಕಾಗದ ಬೇಡವೇ ಬೇಡ. ಒಳಗೊಳಗೇ ಬೂಷ್ಟು ಹಿಡಿಯುತ್ತದೆ.

ಸಾಮಾನ್ಯ ಸುರುಳಿಯ ಅಗಲ 53 ಸೆಂಟಿಮೀಟರ್, ಉದ್ದ ಸುಮಾರು 10 ಮೀಟರ್. 12 ಅಡಿ ಅಗಲ, 10 ಅಡಿ ಎತ್ತರದ ಗೋಡೆಗೆ 3 ಸುರುಳಿ ಬೇಕು. ಮೊದಲ ಪಟ್ಟಿಗೆ ಗಾರೆಯವರ ತೂಗುಗುಂಡು ಇಳಿಬಿಟ್ಟು ಗೆರೆ ಎಳೆದುಕೊಳ್ಳಿರಿ. ಹಳೆಯ ಮನೆಯ ಮೂಲೆಗಳು ನೆಟ್ಟಗಿರುವುದುಂಟೆ!

ರೇಷ್ಮೆಹುಳು ಸಾಕುವ ಕೋಣೆಗೆ ಮಾತ್ರ ಕಾಗದ ಸಲ್ಲದು. ಪ್ರತಿ ಬೆಳೆ ಮುಗಿದಾಗಲೂ ಅಲ್ಲಿನ ಗೋಡೆಯನ್ನು ತೊಳೆದು, ಬ್ಲೀಚಿಂಗ್ ಪುಡಿ ಬೆರೆತ ಸುಣ್ಣದ ನೀರು ಸಿಂಪಡಿಸಿ ರೋಗಾಣುಗಳನ್ನು ಅಳಿಸಬೇಕು. ಕಾಗದದ ಸಂದಿಯಲ್ಲಿ ಅವು ಉಳಿದುಕೊಂಡರೆ ಮುಂದಿನ ಬೆಳೆಗೇ ಸಂಚಕಾರ. ಮನೆಯ ಸಾಲ ತೀರುವುದು ಆ ಬೆಳೆಯಿಂದಲೇ ಅಲ್ಲವೆ?

ಲಿಂಗಪೂಜೆಗೆ ಕುಳಿತುಕೊಳ್ಳುವೆಡೆಯಲ್ಲಿ, ದೀಪದ ಸುತ್ತಮುತ್ತ ಸುಣ್ಣದ ಗೋಡೆಯನ್ನೇ ಉಳಿಸುವುದು ಕ್ಷೇಮ. ಪಡಸಾಲೆಯ ಒಣ ಗೋಡೆಯೊಂದರಿಂದ ಆರಂಭಿಸಿರಿ.