ಹೊಟ್ಟೆಯ ಹೊರಗೆ ಕರುಳಿರುವ ಕೂಸು: ಎದೆಗುಂದದಿರಿ, ತಡಮಾಡದಿರಿ



ಮನೆಯಲ್ಲಿ ಕೂಸು ಹುಟ್ಟಿತೆಂಬ ವಾರ್ತೆಗಿಂತ ಮಂಗಳಕರವಾದ ವಾರ್ತೆ ಬೇರೊಂದಿಲ್ಲ. ಆದರೆ ಸಾವಿರಾರು ಹೆರಿಗೆಗಳಲ್ಲಿ ಒಮ್ಮೊಮ್ಮೆ, ಉದರದ ಗೋಡೆ ಪೂರ್ಣವಾಗಿ ಕೂಡಿಕೊಳ್ಳದೆ ಕರುಳು ಹೊರಗಿರುವ ಶಿಶು ಜನಿಸುತ್ತದೆ. ಆ ನೋಟಕ್ಕೆ ಅನುಭವಸ್ಥರಾದ ಹಿರಿಯರೂ ಎದೆಗುಂದುತ್ತಾರೆ. ‘ಇದು ಉಳಿಯುವ ಕೂಸಲ್ಲ’ ಎಂಬ ಮಾತು ಯಾರ ಬಾಯಿಂದಲಾದರೂ ಹೊರಡುತ್ತದೆ. ಆ ಒಂದು ಮಾತಿನಿಂದಲೇ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಸಕಾಲದಲ್ಲಿ ಸರಿಯಾದ ಆರೈಕೆ ದೊರೆತರೆ ಇಂತಹ ಕೂಸುಗಳಲ್ಲಿ ಬಹುಪಾಲು ಬದುಕುತ್ತವೆ, ಶಾಲೆಗೆ ಹೋಗುತ್ತವೆ, ಎಲ್ಲರಂತೆ ಬಾಳುತ್ತವೆ. ಈ ಸಂಗತಿಯನ್ನು ಪ್ರತಿ ಮನೆಯೂ ತಿಳಿದಿರುವುದು ಒಳ್ಳೆಯದು.

ಮೊದಲು ಕಾರಣವನ್ನು ತಿಳಿಯೋಣ. ಗರ್ಭದ ಆರನೆಯ ವಾರದ ಹೊತ್ತಿಗೆ ಭ್ರೂಣದ ಕರುಳು ವೇಗವಾಗಿ ಬೆಳೆಯುತ್ತದೆ. ಪುಟ್ಟ ಹೊಟ್ಟೆಯಲ್ಲಿ ಅದಕ್ಕೆ ಸ್ಥಳ ಸಾಲದೆ ಹೊಕ್ಕುಳಬಳ್ಳಿಯೊಳಗೆ ಚಾಚಿಕೊಳ್ಳುತ್ತದೆ. ಇದು ಎಲ್ಲ ಶಿಶುಗಳಲ್ಲಿಯೂ ಸಹಜ. ಹತ್ತರಿಂದ ಹನ್ನೆರಡನೆಯ ವಾರದೊಳಗೆ ಅದು ಮರಳಿ ಹೊಟ್ಟೆಯನ್ನು ಸೇರುತ್ತದೆ. ಹಾಗೆ ಮರಳದೆ ಉಳಿದರೆ, ಹೊಕ್ಕುಳಿನ ಸ್ಥಾನದಲ್ಲಿಯೇ ತೆಳುವಾದ ಪೊರೆಯ ಚೀಲವೊಂದರಲ್ಲಿ ಕರುಳೂ ಕೆಲವೊಮ್ಮೆ ಯಕೃತ್ತೂ ಹೊರಗಿರುತ್ತವೆ. ವೈದ್ಯರು ಇದನ್ನು ಆಂಫಲೋಸೀಲ್ ಎನ್ನುತ್ತಾರೆ. ಇನ್ನೊಂದು ಬಗೆಯಲ್ಲಿ ಹೊಕ್ಕುಳಿನ ಪಕ್ಕದಲ್ಲಿ, ಸಾಮಾನ್ಯವಾಗಿ ಬಲಭಾಗದಲ್ಲಿ, ಒಂದು ರಂಧ್ರವಿದ್ದು ಕರುಳು ಯಾವ ಪೊರೆಯೂ ಇಲ್ಲದೆ ಹೊರಬಂದಿರುತ್ತದೆ. ಇದರ ಹೆಸರು ಗ್ಯಾಸ್ಟ್ರೋಸ್ಕೈಸಿಸ್. ತಿಂಗಳುಗಟ್ಟಲೆ ಗರ್ಭದ ನೀರಿನಲ್ಲಿ ನೆನೆದ ಈ ಕರುಳು ಊದಿಕೊಂಡು ದಪ್ಪವಾಗಿರುತ್ತದೆ.

ಹುಟ್ಟಿದ ಕೆಲವು ವಾರಗಳ ಅನಂತರ ಅತ್ತಾಗ ಹೊಕ್ಕುಳು ಉಬ್ಬುವುದು ಬೇರೆಯೇ ಸಂಗತಿ. ಅದರ ಮೇಲೆ ಚರ್ಮವಿರುತ್ತದೆ. ಬಹುತೇಕ ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ನಾಣ್ಯವಿಟ್ಟು ಪಟ್ಟಿ ಕಟ್ಟುವ ಅಗತ್ಯವಿಲ್ಲ.

ಈ ದೋಷಕ್ಕೆ ತಾಯಿಯನ್ನು ದೂರುವವರಿದ್ದಾರೆ. ಗ್ರಹಣ ಕಾಲದಲ್ಲಿ ಹೊರಗೆ ಬಂದಳು, ಏನನ್ನೋ ಕತ್ತರಿಸಿದಳು, ಭಾರ ಎತ್ತಿದಳು ಎಂದು ಬಾಣಂತಿಯ ಮನಸ್ಸನ್ನು ನೋಯಿಸುತ್ತಾರೆ. ಭ್ರೂಣದ ಹೊಟ್ಟೆಯ ಗೋಡೆ ರೂಪುಗೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಅನೇಕ ವೇಳೆ ಆಕೆಗೆ ತಾನು ಗರ್ಭಿಣಿಯೆಂಬ ಅರಿವೂ ಇರದ ದಿನಗಳಲ್ಲಿ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ವಿಜ್ಞಾನ ಗುರುತಿಸಿರುವ ಸಂಗತಿಗಳು ಬೇರೆ: ಇಪ್ಪತ್ತು ವರ್ಷಕ್ಕಿಂತ ಕಿರಿಯ ತಾಯಂದಿರ ಶಿಶುಗಳಲ್ಲಿ ಹಾಗೂ ಧೂಮಪಾನ ಮಾಡುವವರ ಶಿಶುಗಳಲ್ಲಿ ಗ್ಯಾಸ್ಟ್ರೋಸ್ಕೈಸಿಸ್ ಹೆಚ್ಚಾಗಿ ಕಾಣುತ್ತದೆ. ಆಂಫಲೋಸೀಲ್ ಇರುವ ಶಿಶುಗಳಲ್ಲಿ ಹೃದಯದ ದೋಷ ಅಥವಾ ವರ್ಣತಂತುಗಳ ದೋಷ ಜೊತೆಗೂಡಿರುವ ಸಂಭವವುಂಟು. ಹೆಣ್ಣುಮಕ್ಕಳಿಗೆ ಎಳೆಯ ವಯಸ್ಸಿನಲ್ಲಿ ಮದುವೆ ಮಾಡದಿರುವುದಕ್ಕೆ ಇದೂ ಒಂದು ಕಾರಣವಾಗಲಿ.

ಗರ್ಭಿಣಿಗೆ 18ರಿಂದ 20ನೆಯ ವಾರದಲ್ಲಿ ಮಾಡುವ ಸ್ಕ್ಯಾನಿಂಗ್‌ನಲ್ಲಿ ಈ ದೋಷವನ್ನು ಸಾಮಾನ್ಯವಾಗಿ ಗುರುತಿಸಬಹುದು. ಕೂಸು ಗಂಡೋ ಹೆಣ್ಣೋ ಎಂದು ಕೇಳುವುದಕ್ಕಾಗಿ ಸ್ಕ್ಯಾನಿಂಗ್ ಇರುವುದಲ್ಲ. 1994ರ ಕಾಯಿದೆಯಂತೆ ಅದು ಅಪರಾಧ. ಕೂಸಿನ ಅಂಗಾಂಗಗಳು ಸರಿಯಾಗಿವೆಯೇ ಎಂದು ಕೇಳಿರಿ. ದೋಷ ಕಂಡುಬಂದರೆ, ಶಿಶು ಶಸ್ತ್ರಚಿಕಿತ್ಸಾ ವಿಭಾಗವಿರುವ ದೊಡ್ಡ ಆಸ್ಪತ್ರೆಯಲ್ಲಿಯೇ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಿರಿ. ತವರಿನಲ್ಲಿಯೇ ಚೊಚ್ಚಲ ಹೆರಿಗೆಯಾಗಬೇಕೆಂಬ ರೂಢಿಯನ್ನು ಇಂತಹ ಸಂದರ್ಭದಲ್ಲಿ ಬದಿಗಿಡುವುದು ವಿವೇಕ. ದೋಷವಿದೆಯೆಂದ ಮಾತ್ರಕ್ಕೆ ಸಿಸೇರಿಯನ್ ಆಗಲೇಬೇಕೆಂದಿಲ್ಲ. ಯಕೃತ್ತು ಹೊರಗಿರುವ ದೊಡ್ಡ ಆಂಫಲೋಸೀಲ್ ಇದ್ದಾಗ ವೈದ್ಯರು ಅದನ್ನು ಸೂಚಿಸಬಹುದು.

ಮೊದಲೇ ತಿಳಿಯದೆ ಊರಿನ ಆಸ್ಪತ್ರೆಯಲ್ಲಿ ಇಂತಹ ಕೂಸು ಹುಟ್ಟಿತೆನ್ನಿ. ಹೊರಗಿರುವ ಕರುಳಿನಿಂದ ಶರೀರದ ಶಾಖವೂ ನೀರಿನಂಶವೂ ಬಹು ಬೇಗ ನಷ್ಟವಾಗುತ್ತವೆ, ಸೋಂಕು ಒಳಸೇರುತ್ತದೆ. ಆದುದರಿಂದ ಈ ಕ್ರಮಗಳು ಮುಖ್ಯ:

1. ಕರುಳನ್ನು ಒಳಗೆ ತಳ್ಳಬಾರದು. ಚೀಲವಿದ್ದರೆ ಅದು ಒಡೆಯದಂತೆ ಎಚ್ಚರ ವಹಿಸಬೇಕು.

2. ಶುದ್ಧವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಕೂಸಿನ ಕಾಲುಗಳಿಂದ ಕಂಕುಳಿನವರೆಗಿನ ಭಾಗವನ್ನು ಇರಿಸಬೇಕು. ತಲೆಗೆ ಟೋಪಿ ಹಾಕಿ ಬೆಚ್ಚಗಿಡಬೇಕು. ಒದ್ದೆ ಬಟ್ಟೆಯನ್ನು ಮಾತ್ರ ಸುತ್ತಿದರೆ ಕೂಸು ತಣ್ಣಗಾಗುತ್ತದೆ.

3. ಹೊರಬಂದ ಕರುಳು ಒಂದು ಕಡೆಗೆ ಜೋತು ತಿರುಚಿಕೊಂಡರೆ ಅದರ ರಕ್ತಸಂಚಾರ ನಿಲ್ಲುತ್ತದೆ. ಕೂಸನ್ನು ಬಲಮಗ್ಗುಲಿಗೆ ಮಲಗಿಸಿ, ಕರುಳಿಗೆ ಆಸರೆ ಕೊಡಬೇಕು.

4. ಬಾಯಿಯ ಮೂಲಕ ಏನನ್ನೂ ಕೊಡಬಾರದು. ಜೇನು, ಸಕ್ಕರೆ ನೀರು, ಹಾಲು ಯಾವುದೂ ಸಲ್ಲದು. ದಾದಿಯರು ಮೂಗಿನಿಂದ ಜಠರಕ್ಕೆ ನಳಿಕೆ ಹಾಕಿ, ಸಲೈನ್ ಆರಂಭಿಸಿ ಕಳುಹಿಸುತ್ತಾರೆ.

5. ಅರಿಸಿನ, ಎಣ್ಣೆ, ಭಸ್ಮ ಯಾವುದನ್ನೂ ಕರುಳಿಗೆ ಲೇಪಿಸಬಾರದು. ವಿಭೂತಿಯ ಸ್ಥಾನ ಹಣೆ, ತೆರೆದ ಕರುಳಲ್ಲ. ಉಡಿದಾರವನ್ನೂ ಕಟ್ಟಬಾರದು. ಲಿಂಗಧಾರಣೆಯ ಸಂಸ್ಕಾರವನ್ನು, ಗುರುಗಳಿಗೆ ವಿಷಯ ತಿಳಿಸಿ, ಕೂಸು ಚೇತರಿಸಿಕೊಂಡ ಮೇಲೆ ನೆರವೇರಿಸಬಹುದು.

ಇನ್ನು ಶಸ್ತ್ರಚಿಕಿತ್ಸೆ. ಹೊಟ್ಟೆಯಲ್ಲಿ ಸಾಕಷ್ಟು ಸ್ಥಳವಿದ್ದರೆ ಒಂದೇ ಸಲಕ್ಕೆ ಕರುಳನ್ನು ಒಳಗಿರಿಸಿ ಮುಚ್ಚುತ್ತಾರೆ. ಸ್ಥಳವಿಲ್ಲದಿದ್ದರೂ ಬಲವಂತದಿಂದ ತುಂಬಿದರೆ ಒತ್ತಡ ಹೆಚ್ಚಿ ಉಸಿರಾಟ ಕಷ್ಟವಾಗುತ್ತದೆ. ಮೂತ್ರಪಿಂಡಗಳಿಗೆ ರಕ್ತ ಸಾಲದಾಗುತ್ತದೆ. ಇದಕ್ಕೆ ಪರಿಹಾರವಾಗಿ 1967ರಲ್ಲಿ ಶಸ್ತ್ರವೈದ್ಯ ಶುಸ್ಟರ್ ಅವರು ಒಂದು ವಿಧಾನವನ್ನು ಪ್ರಕಟಿಸಿದರು. ಕರುಳನ್ನು ಕೃತಕ ಚೀಲವೊಂದರಲ್ಲಿ ಇರಿಸಿ ಮೇಲಕ್ಕೆ ಆಸರೆ ಕೊಟ್ಟು, ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಒಳಗಿಳಿಸಿ, ಸುಮಾರು ಒಂದು ವಾರದಲ್ಲಿ ಹೊಟ್ಟೆಯನ್ನು ಮುಚ್ಚುವ ಕ್ರಮವಿದು. ‘ಸೈಲೋ’ ಎಂಬ ಹೆಸರಿನಿಂದ ಇಂದಿಗೂ ಬಳಕೆಯಲ್ಲಿದೆ. ತಯಾರಾದ ಸೈಲೋ ದೊರೆಯದ ಕಡೆ, ಶುದ್ಧೀಕರಿಸಿದ ರಕ್ತದ ಚೀಲ ಅಥವಾ ಮೂತ್ರದ ಚೀಲದಿಂದಲೇ ಅದನ್ನು ಸಿದ್ಧಪಡಿಸಿ ಮಕ್ಕಳನ್ನು ಉಳಿಸಿದ ವೈದ್ಯರು ನಮ್ಮ ದೇಶದಲ್ಲಿದ್ದಾರೆ. ಬಹು ದೊಡ್ಡ ಆಂಫಲೋಸೀಲ್‌ಗೆ ಔಷಧ ಲೇಪಿಸುತ್ತ ಬಂದು, ಚರ್ಮ ಬೆಳೆದು ಮುಚ್ಚಿದ ಮೇಲೆ, ಮಗು ದೊಡ್ಡದಾದಾಗ ಶಸ್ತ್ರಚಿಕಿತ್ಸೆ ಮಾಡುವುದೂ ಉಂಟು.

ಹೊಟ್ಟೆ ಮುಚ್ಚಿದ ಮಾತ್ರಕ್ಕೆ ಕರುಳು ಕೆಲಸ ಆರಂಭಿಸುವುದಿಲ್ಲ. ಗ್ಯಾಸ್ಟ್ರೋಸ್ಕೈಸಿಸ್‌ನಲ್ಲಿ ಅದಕ್ಕೆ ವಾರಗಳೇ ಬೇಕಾಗಬಹುದು. ಅಲ್ಲಿಯವರೆಗೆ ರಕ್ತನಾಳದ ಮೂಲಕ ಪೋಷಕಾಂಶಗಳನ್ನು ನೀಡುತ್ತಾರೆ. ಕರುಳು ಚೇತರಿಸಿಕೊಂಡಾಗ ಅದಕ್ಕೆ ಅತ್ಯುತ್ತಮ ಆಹಾರ ತಾಯಿಯ ಹಾಲು. ಆದುದರಿಂದ ತಾಯಿ ಮೊದಲ ದಿನದಿಂದಲೇ ಹಾಲನ್ನು ಹಿಂಡುತ್ತಿರಬೇಕು. ಇಲ್ಲವಾದರೆ ಕೂಸು ಕುಡಿಯಲು ಸಿದ್ಧವಾಗುವ ವೇಳೆಗೆ ಹಾಲು ಬತ್ತಿರುತ್ತದೆ.

74 ದೇಶಗಳ 264 ಆಸ್ಪತ್ರೆಗಳು ಪಾಲ್ಗೊಂಡ ಅಧ್ಯಯನವೊಂದು 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಂತೆ ಗ್ಯಾಸ್ಟ್ರೋಸ್ಕೈಸಿಸ್ ಇದ್ದ ಕೂಸುಗಳಲ್ಲಿ ತೀರಿಕೊಂಡವು ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಒಂದೆರಡು, ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 32, ಬಡ ದೇಶಗಳಲ್ಲಿ 90. ರೋಗ ಒಂದೇ, ಕೂಸುಗಳೂ ಒಂದೇ ಬಗೆಯವು. ಅಂತರವಿರುವುದು ಬೇಗ ಗುರುತಿಸುವುದರಲ್ಲಿ, ಸೋಂಕು ತಗಲುವ ಮುನ್ನ ಬೆಚ್ಚಗೆ ತಲುಪಿಸುವುದರಲ್ಲಿ ಹಾಗೂ ಆಸ್ಪತ್ರೆಯ ಸೌಕರ್ಯಗಳಲ್ಲಿ. ಇವುಗಳಲ್ಲಿ ಮೊದಲೆರಡು ನಮ್ಮ ಕೈಯಲ್ಲಿಯೂ ಇವೆ.

ಹಣದ ಚಿಂತೆಯಿಂದ ಹಿಂಜರಿಯಬೇಡಿರಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಚಿಕಿತ್ಸೆ, ಔಷಧ, ವಾಹನ ಉಚಿತ. 108ಕ್ಕೆ ಕರೆ ಮಾಡಿರಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತಹ, ಶಿಶು ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಮುಂಚಿತವಾಗಿ ದೂರವಾಣಿ ಮಾಡಿಸಿ ಹೊರಡಿರಿ.

ಶರಣರು ಜನನಸೂತಕವೂ ಸೇರಿದಂತೆ ಪಂಚಸೂತಕಗಳನ್ನು ನಿರಾಕರಿಸಿದರು. ಹುಟ್ಟಿದ ಕೂಸಿನಲ್ಲಿ ಮೈಲಿಗೆಯನ್ನು ಕಾಣದ ಪರಂಪರೆ ನಮ್ಮದು. ಅಂತಹ ಮನೆಯಲ್ಲಿ ದೋಷವುಳ್ಳ ಕೂಸನ್ನು ಅಪಶಕುನವೆಂದು ಮೂಲೆಗಿಡುವುದು ಸಲ್ಲದು. ಅದನ್ನು ಬೆಚ್ಚಗೆ ಸುತ್ತಿಕೊಂಡು ಆಸ್ಪತ್ರೆಯ ಹಾದಿ ಹಿಡಿಯುವುದೇ ಆ ಹೊತ್ತಿನ ಶಿವಪೂಜೆ.