ಕೋಟೆಯ ಗೋಡೆ, ಮನೆಯ ಗೋಡೆ

ಕಾರವಾರದ ಬಿಣಗಾ ದಂಡೆಯಲ್ಲಿ ನಿಂತು ಸಮುದ್ರದತ್ತ ದೃಷ್ಟಿ ಹರಿಸಿದರೆ ಅಂಜುದೀವ ನಡುಗಡ್ಡೆಯು ಕಾಣಿಸುವದು. ೧೬೮೨ನೆಯ ಇಸವಿಯಲ್ಲಿ ಪೋರ್ತುಗೀಜರು ಅಲ್ಲಿ ಕೋಟೆ ಕಟ್ಟಲಾರಂಭಿಸಿದರು. ಬ್ರೋತಾಸ್ ಮಾತೆಯ, ಎಂದರೆ ಒರತೆಗಳ ಮಾತೆಯ, ದೇವಾಲಯವೂ ಆ ನಡುಗಡ್ಡೆಯಲ್ಲಿದೆ. ಫೆಬ್ರುವರಿ ೨ರಂದು ಆ ಮಾತೆಯ ಹಬ್ಬಕ್ಕೂ ಅಕ್ಟೋಬರ ೪ರಂದು ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬಕ್ಕೂ ಭಕ್ತರು ದೋಣಿಯೇರಿ ಹೋಗುತ್ತಿದ್ದರು. ನಡುಗಡ್ಡೆಯು ನೌಕಾದಳದ ಸೀಬರ್ಡ್ ಯೋಜನೆಗೆ ಸೇರಿದ ಬಳಿಕ ಆ ಯಾತ್ರೆಯು ನಿಂತುಹೋಯಿತು. ಅದೇ ಯೋಜನೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ಹಲವು ಹಳ್ಳಿಗಳ ಜನರು ಮನೆ, ಗದ್ದೆ, ತೆಂಗುಗಳನ್ನು ಬಿಟ್ಟು ಬೇರೆಡೆಗೆ ಒಕ್ಕಲು ಹೋದರು.

ಯಾತ್ರೆಯು ನಿಂತರೆ ಭಕ್ತಿಯೂ ನಿಲ್ಲುವದೋ? ಹೀಗೆ ಯೋಚಿಸುವಾಗಲೆಲ್ಲ, ಆ ಕೋಟೆಯ ಕಲ್ಲುಗಳು ಏಳುತ್ತಿದ್ದ ವರ್ಷದಲ್ಲಿಯೇ ಕೆನರಾ ಪ್ರಾಂತದಲ್ಲಿ ಸಂಚರಿಸುತ್ತಿದ್ದ ಒಬ್ಬ ಪಾದ್ರಿಯ ನೆನಪು ನಮಗಾಗುತ್ತದೆ. ಅವರೇ ಸಂತ ಜೋಸೆಫ್ ವಾಜ್. ಗೋವೆಯ ಬಾಣಾವಳಿಯಲ್ಲಿ ೧೬೫೧ರಲ್ಲಿ ಹುಟ್ಟಿದ ಇವರನ್ನು ೧೬೮೧ರಲ್ಲಿ ಇಲ್ಲಿಯ ಕ್ರೈಸ್ತರ ಮೇಲ್ವಿಚಾರಣೆಗೆಂದು ಕಳುಹಿಸಲಾಯಿತು. ಕಾಳಿಯನ್ನು ದಾಟಿ, ಅಂಕೋಲೆಯನ್ನು ಹಿಂದಿಕ್ಕಿ, ಗಂಗಾವಳಿ ಅಘನಾಶಿನಿಗಳನ್ನು ದೋಣಿಯಲ್ಲಿ ಕಳೆದು ಹೊನ್ನಾವರವನ್ನು ಮುಟ್ಟುವ ನೆಲದ ದಾರಿಯು ಅಂದು ಎಂಥದಿತ್ತೆಂಬದನ್ನು, ಸೇತುವೆಗಳ ಮೇಲೆ ನಿದ್ದೆ ಮಾಡುತ್ತ ಸಾಗುವ ನಾವು ಊಹಿಸಲಾರೆವು.

ಅವರು ಬಂದಾಗ ಈ ಪ್ರಾಂತದ ಕ್ರೈಸ್ತರು ಇಬ್ಭಾಗವಾಗಿದ್ದರು. ಬಿಷಪರನ್ನು ಹೆಸರಿಸುವ ಹಕ್ಕು ಪೋರ್ತುಗಾಲದ ಅರಸನದೆಂದು ಗೋವೆಯ ಪಕ್ಷವು ಹೇಳುತ್ತಿತ್ತು. ರೋಮಾಪುರಿಯಾದರೋ ತಾನೇ ನೇರವಾಗಿ ಥಾಮಸ್ ಡಿ ಕಾಸ್ಟ್ರೋ ಎಂಬ ಬಿಷಪರನ್ನು ನೇಮಿಸಿತ್ತು. ಯಾರ ಕೈಯಿಂದ ಪಡೆದ ಸಂಸ್ಕಾರವು ಸಲ್ಲುವದು, ಯಾರದು ಸಲ್ಲದು ಎಂದು ಊರೂರಲ್ಲಿ ಜಗಳ. ಇಂಥ ಜಗಳಗಳಲ್ಲಿ ಹೆಚ್ಚು ಕೂಗುವವನೇ ಹೆಚ್ಚಿನ ಭಕ್ತನೆಂದು ಎಣಿಸಲ್ಪಡುವದು ಎಲ್ಲ ಕಾಲಕ್ಕೂ ಇದ್ದ ಚೋದ್ಯವೇ.

ವಾಜರು ಗೋವೆಯಿಂದ ಬಂದವರು. ತಮ್ಮ ಪಕ್ಷವನ್ನೆತ್ತಿ ಹಿಡಿದಿದ್ದರೆ ಹೊಗಳುವವರಿಗೆ ಕೊರತೆಯಿರಲಿಲ್ಲ. ಆದರೆ ಅವರು ಎದುರು ಪಕ್ಷದ ಬಿಷಪರನ್ನೇ ಗೌರವದಿಂದ ಕಂಡು, ರೋಮಿನ ಕಡೆಯ ತೀರ್ಪು ಬರುವವರೆಗೆ ಬಡ ಜನರ ಪ್ರಾರ್ಥನೆ ಸಂಸ್ಕಾರಗಳಿಗೆ ಅಡ್ಡಿ ಬಾರದಂಥ ಏರ್ಪಾಡು ಮಾಡಿಕೊಂಡರು. ಬಳಿಕ ದೇವಾಲಯಗಳನ್ನು ದುರಸ್ತಿ ಮಾಡಿಸಿದರು, ಚಿಕ್ಕ ಶಾಲೆಗಳನ್ನು ತೆರೆದರು. ೧೬೮೪ರಲ್ಲಿ ಗೋವೆಗೆ ಮರಳಿದರು. ಅವರ ಚರಿತ್ರೆಯನ್ನು ಹೇಳುವವರು ಈ ಮೂರು ವರ್ಷಗಳನ್ನು ಬೇಗ ದಾಟಿ ಸಿಂಹಳಕ್ಕೆ ಓಡುತ್ತಾರೆ. ನಮಗಾದರೋ ಅವರ ಹೃದಯಶುದ್ಧಿಯು ಒರೆಗೆ ಹತ್ತಿದ್ದು ಇಲ್ಲಿಯೇ ಎಂದು ತೋರುತ್ತದೆ. ಪರರು ಕೊಟ್ಟ ಹಿಂಸೆಯನ್ನು ಸಹಿಸಿದವರು ಅನೇಕರುಂಟು. ತನ್ನವರ ಚಪ್ಪಾಳೆಯನ್ನು ಬೇಡವೆಂದವರು ವಿರಳ.

ಸಿಂಹಳದ ಸಂಗತಿಯನ್ನೂ ಹೇಳಬೇಕು. ಅಲ್ಲಿ ಡಚ್ಚರು ತಮ್ಮ ಆಳಿಕೆಯ ಸೀಮೆಯೊಳಗೆ ಕಥೋಲಿಕ ಪಾದ್ರಿಗಳನ್ನು ಬರಗೊಡುತ್ತಿರಲಿಲ್ಲ. ೧೬೮೭ರಲ್ಲಿ ವಾಜರು ಕೂಲಿಯಾಳಿನ ವೇಷದಿಂದ ಜಾಫ್ನಾಕ್ಕೆ ಸೇರಿದರು. ದೇವಾಲಯವಿಲ್ಲ, ಗಂಟೆಯಿಲ್ಲ, ನಿಲುವಂಗಿಯಿಲ್ಲ. ಕೊರಳಲ್ಲಿ ಜಪಮಾಲೆಯನ್ನು ಹಾಕಿಕೊಂಡು ಮನೆಮನೆಯಲ್ಲಿ ಭಿಕ್ಷೆ ಬೇಡಿದರು. ಆ ಮಣಿಸರವನ್ನು ಕಂಡು ಯಾರ ಕಣ್ಣು ಅರಳುವದೋ ಅದೇ ಕ್ರೈಸ್ತರ ಮನೆಯೆಂದು ತಿಳಿದುಕೊಂಡರು. ಗೋಡೆಗಳೆಲ್ಲ ಬಿದ್ದ ಮೇಲೆಯೂ ಭಕ್ತಿಯು ಅಡಿಗೆಮನೆಗಳಲ್ಲಿ ಉಳಿದಿತ್ತು. ಮುಂದೆ ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯದಿಂದ ಸೆರೆವಾಸ. ೧೬೯೭ರಲ್ಲಿ ಸಿಡುಬು ಬಂದಾಗ ಬಂಧುಗಳೇ ಬಿಟ್ಟುಹೋದ ರೋಗಿಗಳ ಶುಶ್ರೂಷೆ. ಬಿಷಪರ ಪದವಿಯು ಬಾಗಿಲಿಗೆ ಬಂದರೂ ಒಲ್ಲೆನೆಂದರು. ೧೭೧೧ರ ಜನವರಿ ೧೬ರಂದು ಕ್ಯಾಂಡಿಯಲ್ಲಿಯೇ ತೀರಿಕೊಂಡರು. ೨೦೧೫ರ ಜನವರಿ ೧೪ರಂದು ಪೋಪ್ ಫ್ರಾನ್ಸಿಸರು ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು.

ಹೃದಯಶುದ್ಧಿಯೆಂದರೆ ಕೆಟ್ಟ ಯೋಚನೆ ಬಾರದಿರುವದು ಮಾತ್ರವೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಕಡಲಂಚಿನಲ್ಲಿ ಬಾವಿ ತೋಡಿದವರಿಗೆ ಇದಕ್ಕಿಂತ ಹೆಚ್ಚು ಗೊತ್ತು. ನೀರು ಕಣ್ಣಿಗೆ ತಿಳಿಯಾಗಿ ತೋರುವದು, ತಳದ ಕಲ್ಲೂ ಕಾಣುವದು. ಬೊಗಸೆಯಲ್ಲೆತ್ತಿ ಕುಡಿದಾಗ ಸವಳು. ಉಪ್ಪು ಎಲ್ಲಿಂದ ಜಿನುಗಿತೆಂಬದು ಮೇಲಿನಿಂದ ನೋಡಿದವರಿಗೆ ತಿಳಿಯದು. ಪ್ರಾರ್ಥನೆಯಲ್ಲಿ ಜಿನುಗುವ ಉಪ್ಪು ಬಹುಶಃ ನೆರೆಯವನ ಮೇಲಣ ಹಗೆಯೇ. ಆದುದರಿಂದಲೇ ಯೇಸುಸ್ವಾಮಿಯು ಕಾಣಿಕೆಯನ್ನು ಪೀಠದ ಮುಂದೆ ಇಟ್ಟು, ಮೊದಲು ಹೋಗಿ ಮುನಿದ ಸಹೋದರನ ಸಂಗಡ ಸಮಾಧಾನ ಮಾಡಿಕೊಳ್ಳಲು ಹೇಳಿದ್ದು.

ನಮ್ಮ ಮನೆಗಳಲ್ಲಿ ಸಂಜೆಯ ‘ತೇರ್ಸ’ವನ್ನು ತಪ್ಪದೆ ಹೇಳುವ ತಾಯಂದಿರಿದ್ದಾರೆ, ಅವರಿಗೆ ನಾವು ಉಪದೇಶ ಮಾಡಹೊರಟಿಲ್ಲ. ಸೆಪ್ಟೆಂಬರ ೮ರ ಮಾತೆಯ ಜನನೋತ್ಸವದ ವಿಷಯವಾಗಿ ಒಂದು ಮಾತು ಮಾತ್ರ. ಅಂದು ಹೊಸ ಭತ್ತದ ತೆನೆಯನ್ನು ಆಶೀರ್ವಾದ ಮಾಡಿಸಿ ತಂದು, ಅದರ ಕಾಳನ್ನು ಸೇರಿಸಿ ಮನೆಯವರೆಲ್ಲ ಕೂಡಿ ಉಣ್ಣುವದು ಕೆನರಾದ ಕೊಂಕಣಿ ಕ್ರೈಸ್ತರ ವಾಡಿಕೆ. ದೂರದಲ್ಲಿರುವ ಮಕ್ಕಳಿಗೂ ಆ ಕಾಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವರು. ಮುಂಬಯಿಗೂ ಕೊಲ್ಲಿಯ ದೇಶಗಳಿಗೂ ಹೋಗಿ ಮುಟ್ಟಿದ ಕಾಳು, ಪಾಲಿನ ಜಗಳದಿಂದಾಗಿ ನಡುಗೋಡೆಯಾಚೆಯ ಅಣ್ಣನ ಮನೆಗೆ ಹೋಗದಿರುವದನ್ನು ನಾವು ಕಂಡಿದ್ದೇವೆ. ಈ ವರ್ಷ ಆ ಲಕೋಟೆಗಳನ್ನು ಅಂಟಿಸುವಾಗ ಇನ್ನೆರಡು ಕಾಳುಗಳನ್ನು ತೆಗೆದಿರಿಸಿರಿ. ಅದನ್ನು ಒಯ್ದುಕೊಡಲು ಮಕ್ಕಳನ್ನು ಕಳುಹಿಸದೆ ತಾವೇ ಹೋಗಿರಿ.