ಚೈನಿಗೂ ಬೇಕು ಒಂದಿಷ್ಟು ಸಡಿಲ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಬೆಳಗಿನ ಜಾವವೇ ಕೃಷ್ಣರಾಜ ಮಾರುಕಟ್ಟೆಗೆ ಹೋಗಿ ಸೇವಂತಿಗೆ, ಕನಕಾಂಬರ ಕೊಂಡು, ಮೊಪೆಡ್ಡಿನ ಮುಂದೊಂದು ಹಿಂದೊಂದು ಮೂಟೆ ಕಟ್ಟಿಕೊಂಡು ಕೆಂಗೇರಿಯ ಹೂವಿನ ವ್ಯಾಪಾರಿಯೊಬ್ಬರು ಮೈಸೂರು ರಸ್ತೆ ಹಿಡಿದಿದ್ದರು. ನಾಯಂಡಹಳ್ಳಿಯ ಹತ್ತಿರ ರಸ್ತೆಯ ಉಬ್ಬೊಂದನ್ನು ದಾಟುತ್ತಿದ್ದಂತೆ ‘ಟಪ್’ ಎಂದು ಸದ್ದಾಯಿತು. ಎಂಜಿನ್ನು ಕೂಗುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ. ಹಿಂತಿರುಗಿ ನೋಡಿದರೆ ಚೈನು ಸತ್ತ ಹಾವಿನಂತೆ ರಸ್ತೆಯ ಮೇಲೆ ಬಿದ್ದಿತ್ತು.

ಆ ಚೈನನ್ನು ಹಿಂದಿನ ಸಂಜೆಯಷ್ಟೇ ಮಗ ಬಿಗಿ ಮಾಡಿದ್ದ. ರಾಜಾಜಿನಗರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವ ಹುಡುಗ. “ಚೈನು ಪಟಪಟ ಬಡೀತಿದೆ ಕಣೋ, ಸ್ವಲ್ಪ ನೋಡು” ಎಂದು ಅಪ್ಪ ಹೇಳಿದ್ದೇ ತಡ, ಸ್ಪ್ಯಾನರ್ ಹಿಡಿದು ಕುಳಿತಿದ್ದ. ಬೆರಳಿಟ್ಟು ಒತ್ತಿದರೂ ಅಲುಗದಷ್ಟು ಬಿಗಿ ಮಾಡಿ, “ಇನ್ನು ಆರು ತಿಂಗಳು ಮುಟ್ಟೋ ಹಾಗಿಲ್ಲಪ್ಪ” ಎಂದು ಹೆಮ್ಮೆಯಿಂದ ಹೇಳಿದ್ದ. ಆರು ತಿಂಗಳಿರಲಿ, ಆರು ಗಂಟೆಯೂ ಕಳೆದಿರಲಿಲ್ಲ.

ಹೂವನ್ನು ಆಟೋಗೆ ಹಾಕಿ ಅಪ್ಪ ಕೆಂಗೇರಿಗೆ ಹೋದರು. ಫೋನು ಬಂದೊಡನೆ ಓಡಿ ಬಂದ ಮಗ ಮೊಪೆಡ್ಡನ್ನು ತಳ್ಳಿಕೊಂಡು ವಿಜಯನಗರದ ಪರಿಚಯದ ಮೆಕ್ಯಾನಿಕ್ ಬಳಿಗೆ ಬಂದ. ತುಂಡಾದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದ ಮೆಕ್ಯಾನಿಕ್, “ಎಷ್ಟು ಆಟ ಬಿಟ್ಟಿದ್ದೆ?” ಎಂದು ಕೇಳಿದರು.

“ಆಟಾನೇ ಬಿಟ್ಟಿರಲಿಲ್ಲ ಅಣ್ಣ. ಪೂರ್ತಿ ಟೈಟ್ ಮಾಡಿದ್ದೆ.”

“ಅದಕ್ಕೇ ಲಾಕ್ ಕಿತ್ಕೊಂಡಿದೆ. ಲೋಡ್ ಹಾಕಿದಾಗ ಚೈನು ಎಲ್ಲಿಗೆ ಹೋಗ್ಬೇಕಪ್ಪ, ಹೇಳು?”

ಪ್ರಶ್ನೆ ಚಿಕ್ಕದು. ಉತ್ತರ ಹುಡುಗನ ಪಠ್ಯಪುಸ್ತಕದಲ್ಲೇ ಇದೆ.

ಮೊಪೆಡ್ಡಿನ ಹಿಂದಿನ ಚಕ್ರ ಚೌಕಟ್ಟಿಗೆ ನೇರವಾಗಿ ಅಂಟಿಕೊಂಡಿಲ್ಲ. ಸ್ವಿಂಗ್ ಆರ್ಮ್ ಎಂಬ ತೋಳಿನ ತುದಿಯಲ್ಲಿದ್ದು, ಶಾಕ್ ಅಬ್ಸಾರ್ಬರಿನ ಆಸರೆಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಎಂಜಿನ್ನಿನ ಚಿಕ್ಕ ಸ್ಪ್ರಾಕೆಟ್ ಇರುವ ಜಾಗವೇ ಬೇರೆ, ಈ ತೋಳು ಕೀಲುಗೊಂಡಿರುವ ಜಾಗವೇ ಬೇರೆ. ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಮೊಣಕೈ ಮಡಿಸಿದಾಗ ಹೆಗಲಿಗೂ ಮಣಿಕಟ್ಟಿಗೂ ಇರುವ ದೂರ ಕಡಿಮೆ; ಕೈ ನೆಟ್ಟಗೆ ಚಾಚಿದಾಗ ಅದು ಅತಿ ಹೆಚ್ಚು. ಹೆಗಲನ್ನು ಎಂಜಿನ್ ಸ್ಪ್ರಾಕೆಟ್, ಮೊಣಕೈಯನ್ನು ಸ್ವಿಂಗ್ ಆರ್ಮಿನ ಕೀಲು, ಮಣಿಕಟ್ಟನ್ನು ಹಿಂದಿನ ಚಕ್ರದ ಆಕ್ಸಲ್ ಎಂದುಕೊಳ್ಳಿ. ಖಾಲಿ ಗಾಡಿ ಸ್ಟ್ಯಾಂಡಿನ ಮೇಲಿರುವಾಗ ಈ ಮೂರೂ ಒಂದೇ ಗೆರೆಯಲ್ಲಿರುವುದಿಲ್ಲ. ಭಾರ ಬಿದ್ದು ಗಾಡಿಯ ಹಿಂಭಾಗ ಕುಸಿದಾಗ, ಅಥವಾ ಚಕ್ರ ಉಬ್ಬು ಹತ್ತಿದಾಗ, ಅವು ಒಂದೇ ಗೆರೆಗೆ ಬರುತ್ತವೆ. ಆಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಹೆಚ್ಚುತ್ತದೆ. ಚೈನು ರಬ್ಬರಲ್ಲ, ಹಿಗ್ಗಲಾರದು. ಮೊದಲೇ ಬಿಟ್ಟಿರುವ ಸಡಿಲವೇ ಆ ಕ್ಷಣಕ್ಕೆ ಒದಗಬೇಕು.

ಆ ಸಡಿಲ ಇರದಿದ್ದರೆ ಎಳೆತವೆಲ್ಲ ಬೀಳುವುದು ಚೈನಿನ ಲಾಕ್, ಎಂಜಿನ್ ಶಾಫ್ಟಿನ ಬೇರಿಂಗ್ ಮತ್ತು ಹಿಂದಿನ ಚಕ್ರದ ಬೇರಿಂಗುಗಳ ಮೇಲೆ. ಚೈನು ಹರಿದರೆ ಕಣ್ಣಿಗೆ ಕಾಣುತ್ತದೆ. ಬೇರಿಂಗ್ ಸವೆಯುವುದು ಕಾಣುವುದಿಲ್ಲ, ಬಿಲ್ಲು ಬಂದಾಗಲೇ ಗೊತ್ತಾಗುವುದು. ಹಾಗೆಂದು ಚೈನು ಜೋತು ಬೀಳಲೂಬಾರದು. ಅತಿ ಸಡಿಲವಾದ ಚೈನು ಹಲ್ಲಿನಿಂದ ಹಲ್ಲಿಗೆ ಹಾರುತ್ತದೆ, ಕೆಲವೊಮ್ಮೆ ಕಳಚಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಓಡುವ ಗಾಡಿಯ ಹಿಂದಿನ ಚಕ್ರ ಹಾಗೆ ಹಠಾತ್ತನೆ ನಿಂತರೆ ಸವಾರ ನೆಲಕ್ಕೆ. ಬಿಗಿಯಾದರೆ ಗಾಡಿಗೆ ಕೇಡು, ಸಡಿಲವಾದರೆ ಸವಾರನಿಗೆ ಕೇಡು.

ಹಾಗಾದರೆ ಎಷ್ಟು ಆಟ ಬಿಡಬೇಕು? ಸಣ್ಣ ದ್ವಿಚಕ್ರ ವಾಹನಗಳಲ್ಲಿ ಸಾಮಾನ್ಯವಾಗಿ ಚೈನಿನ ಕೆಳಸಾಲಿನ ನಡುಮಧ್ಯದಲ್ಲಿ ಮೇಲಕ್ಕೂ ಕೆಳಕ್ಕೂ ಸೇರಿ 20ರಿಂದ 30 ಮಿ.ಮೀ. ಆಟ ಇರಬೇಕು. ಆಯಾ ಗಾಡಿಯ ಜೊತೆ ಬರುವ ಕೈಪಿಡಿಯಲ್ಲಿ ಕೊಟ್ಟ ಅಳತೆಯೇ ಅಂತಿಮ.

ಇಲ್ಲಿ ಪೈಥಾಗೊರಸ್ ಪ್ರಮೇಯ ಕಲಿತ ವಿದ್ಯಾರ್ಥಿಗಳಿಗೆ ಒಂದು ಸೊಗಸಾದ ಲೆಕ್ಕವಿದೆ. ಕೆಳಸಾಲಿನ ಉದ್ದ 500 ಮಿ.ಮೀ., ಒಟ್ಟು ಆಟ 25 ಮಿ.ಮೀ. ಎಂದಿಟ್ಟುಕೊಳ್ಳಿ. ಅಂದರೆ ನಡುವಿನಿಂದ ಮೇಲಕ್ಕೆ ಹನ್ನೆರಡೂವರೆ, ಕೆಳಕ್ಕೆ ಹನ್ನೆರಡೂವರೆ. 250 ಮತ್ತು 12.5 ಬಾಹುಗಳಿರುವ ಲಂಬಕೋನ ತ್ರಿಭುಜದ ಕರ್ಣ ಸುಮಾರು 250.3. ಎರಡು ಕರ್ಣ ಸೇರಿದರೆ 500.6. ಕಣ್ಣಿಗೆ ಒಂದು ಅಂಗುಲದಷ್ಟು ಕಾಣುವ ಆಟಕ್ಕೆ ಬೇಕಾದ ಹೆಚ್ಚುವರಿ ಉದ್ದ ಬರೀ 0.6 ಮಿ.ಮೀ.! ಚಕ್ರ ಹಿಂದೆ ಸರಿದಾಗ ಚೈನಿನ ಮೇಲ್ಸಾಲೂ ಕೆಳಸಾಲೂ ಎರಡೂ ಎಳೆಯಲ್ಪಡುವುದರಿಂದ, ಚಕ್ರ 0.3 ಮಿ.ಮೀ. ಸರಿದರೆ ಸಾಕು, ಆ ಆಟವೆಲ್ಲ ಮಾಯ. 6 ಮಿ.ಮೀ. ತಿರುಪು ಒಂದು ಸುತ್ತಿಗೆ ಸಾಮಾನ್ಯವಾಗಿ 1 ಮಿ.ಮೀ. ಮುಂದೆ ಹೋಗುತ್ತದೆ. ಅಂಥ ಅಡ್ಜಸ್ಟರಿನಲ್ಲಿ ಸರಿಯಾದ ಚೈನಿಗೂ ತಂತಿಯಂತೆ ಬಿಗಿದ ಚೈನಿಗೂ ಇರುವ ವ್ಯತ್ಯಾಸ ಮೂರನೇ ಒಂದು ಸುತ್ತು ಮಾತ್ರ. ಹುಡುಗ ಎರಡು ಸುತ್ತು ತಿರುಗಿಸಿದ್ದ.

ಇಷ್ಟು ಸೂಕ್ಷ್ಮವಾದ ಕೆಲಸಕ್ಕೆ ದುಬಾರಿ ಸಲಕರಣೆಯೇನೂ ಬೇಡ. ಜ್ಯಾಮಿಟ್ರಿ ಬಾಕ್ಸಿನ ಸ್ಕೇಲು ಸಾಕು. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಗಾಡಿಯನ್ನು ಸ್ಟ್ಯಾಂಡಿಗೆ ಹಾಕಬೇಕು. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ನಾಲ್ಕಾರು ಕಡೆ ಆಟ ಅಳೆಯಬೇಕು. ಚೈನು ಎಲ್ಲ ಕಡೆಯೂ ಒಂದೇ ಸಮ ಸವೆದಿರುವುದಿಲ್ಲವಾದ್ದರಿಂದ, ಅತಿ ಬಿಗಿಯಾಗಿರುವ ಜಾಗದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರನ್ನು ಸಮಸಮವಾಗಿ, ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸುತ್ತ ಹೋಗಬೇಕು. ಸ್ವಿಂಗ್ ಆರ್ಮಿನ ಎರಡೂ ಬದಿಯಲ್ಲಿರುವ ಗುರುತುಗಳು ಒಂದಕ್ಕೊಂದು ತಾಳೆಯಾಗಬೇಕು. ಇಲ್ಲವಾದರೆ ಚಕ್ರ ಓರೆಯಾಗಿ ಚೈನು ಒಂದೇ ಮಗ್ಗುಲು ಸವೆಯುತ್ತದೆ. ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಹಿಂದಿನ ಬ್ರೇಕಿನ ಆಟವನ್ನೂ ನೋಡಬೇಕು, ಚಕ್ರ ಸರಿದಾಗ ಅದೂ ಬದಲಾಗಿರುತ್ತದೆ. ಮೂಟೆ ಹೊರುವ ಗಾಡಿಯಾದರೆ ಕೊನೆಗೆ ಒಬ್ಬರನ್ನೋ ಇಬ್ಬರನ್ನೋ ಕೂರಿಸಿ, ಆಗಲೂ ಚೈನಿನಲ್ಲಿ ಆಟ ಉಳಿದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಒಂದು ಎಚ್ಚರಿಕೆ: ಎಂಜಿನ್ ಚಾಲೂ ಇಟ್ಟುಕೊಂಡು ಚೈನಿಗೆ ಎಣ್ಣೆ ಬಿಡುವುದನ್ನು, ಬಟ್ಟೆಯಲ್ಲಿ ಒರೆಸುವುದನ್ನು ಎಷ್ಟೋ ಕಡೆ ಕಾಣಬಹುದು. ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ. ಮಕ್ಕಳು ಕಲಿಯಲಿ, ಆದರೆ ಕೀಲಿ ಹಿರಿಯರ ಜೇಬಿನಲ್ಲಿರಲಿ.

ಬಿಗಿ ಮಾಡಿದ ಚೈನು ಮತ್ತೆ ಮತ್ತೆ ಸಡಿಲವಾಗುವುದೇಕೆ? ‘ಚೈನು ಎಳೆದುಕೊಂಡಿದೆ’ ಎನ್ನುವುದು ರೂಢಿ. ವಾಸ್ತವದಲ್ಲಿ ಉಕ್ಕಿನ ಪಟ್ಟಿಗಳು ಹಿಗ್ಗಿರುವುದಿಲ್ಲ. ಕೊಂಡಿಗಳ ಒಳಗಿನ ಪಿನ್ನು ಮತ್ತು ಬುಷ್ ಸವೆದಿರುತ್ತವೆ. ಪಿನ್ನು, ಬುಷ್, ರೋಲರ್ ಇರುವ ಈ ಬಗೆಯ ಚೈನನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ರೂಪಿಸಿದ್ದು 1880ರಲ್ಲಿ. ಇಂದಿಗೂ ಅದರ ಮೂಲ ವಿನ್ಯಾಸ ಬದಲಾಗಿಲ್ಲ. ಬೈಸಿಕಲ್ಲಿನಲ್ಲೂ ಅನೇಕ ಸಣ್ಣ ಮೋಟಾರು ಸೈಕಲ್ಲುಗಳಲ್ಲೂ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ, ಅಂದರೆ 12.7 ಮಿ.ಮೀ. ದೂರ. ನೂರು ಕೊಂಡಿಗಳ ಚೈನಿನಲ್ಲಿ ಪ್ರತಿ ಪಿನ್ನಿನ ಬಳಿ ಬರೀ 0.1 ಮಿ.ಮೀ. ಸವೆದರೂ ಚೈನು ಒಟ್ಟು 10 ಮಿ.ಮೀ. ಉದ್ದವಾಗುತ್ತದೆ. ಧೂಳು, ಮಳೆಗಾಲದ ರಾಡಿ ಈ ಸವೆತಕ್ಕೆ ಅರೆಯುವ ಕಲ್ಲಿದ್ದಂತೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳ ಚೈನಿಗೆ ಪೂರ್ತಿ ಮುಚ್ಚಿದ ಕವಚವಿದ್ದುದು ಇದೇ ಕಾರಣಕ್ಕೆ. ಚೈನು ಬಯಲಿಗೆ ತೆರೆದುಕೊಂಡಿರುವ ಗಾಡಿಗಳಿಗೆ ಒರೆಸಿ, ಎಣ್ಣೆ ಬಿಡುವುದೇ ಕವಚ.

ಸವೆತವನ್ನೂ ಸ್ಕೇಲಿನಿಂದಲೇ ಅಳೆಯಬಹುದು. ಚೈನನ್ನು ಎಳೆದು ಹಿಡಿದು, ಒಂದು ಪಿನ್ನಿನಿಂದ ಮುಂದಿನ ಇಪ್ಪತ್ತನೆಯ ಪಿನ್ನಿಗೆ ಅಳೆಯಿರಿ. ಹೊಸದರಲ್ಲಿ 254 ಮಿ.ಮೀ. ಇರುತ್ತದೆ. 259 ದಾಟಿದರೆ ಚೈನಿನ ಆಯುಸ್ಸು ಮುಗಿದಂತೆ. ಬಿಗಿ ಮಾಡಿ ಉಪಯೋಗವಿಲ್ಲ. ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಅವನ್ನೂ ಜೊತೆಗೇ ಬದಲಿಸಬೇಕು. ಹಳೆಯ ಹಲ್ಲಿನ ಮೇಲೆ ಓಡಿದ ಹೊಸ ಚೈನು ಬಹುಕಾಲ ಹೊಸದಾಗಿ ಉಳಿಯುವುದಿಲ್ಲ.

ವಿಜಯನಗರದ ಅಂಗಡಿಯಲ್ಲಿ ಅಂದು ಅಳೆದಾಗ ಸಿಕ್ಕಿದ್ದು 261. ಹೊಸ ಚೈನು, ಎರಡು ಸ್ಪ್ರಾಕೆಟ್ ಹಾಕಬೇಕಾಯಿತು. ಲಾಕಿನ ಕ್ಲಿಪ್ಪನ್ನು ಮೆಕ್ಯಾನಿಕ್ ಹುಡುಗನ ಕೈಯಿಂದಲೇ ಹಾಕಿಸಿದರು. “ಮುಚ್ಚಿದ ಬಾಯಿ ಚೈನು ಓಡೋ ದಿಕ್ಕಿಗೆ ಬರಬೇಕು, ತೆರೆದ ಬಾಯಿ ಹಿಂದಕ್ಕೆ. ಇದೊಂದು ಮರೀಬೇಡ” ಎಂದರು.

ಅಷ್ಟರಲ್ಲಿ ಹಬ್ಬದ ಬೆಳಗಿನ ವ್ಯಾಪಾರ ಅರ್ಧ ಕೈತಪ್ಪಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಹುಡುಗನಿಗೆ ಹಗುರಾಗುತ್ತಿತ್ತೋ ಏನೋ. ಆ ರಾತ್ರಿ ಅವನು ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಕಲಂ ಗೆರೆ ಎಳೆದ: ತಾರೀಖು, ಕಿಲೋಮೀಟರು, ಚೈನಿನ ಆಟ. ಮೊದಲ ಸಾಲಿನಲ್ಲಿ ‘25 ಮಿ.ಮೀ.’ ಎಂದು ಬರೆದ.

ಗೌರಿ ಹಬ್ಬದ ಹಿಂದಿನ ಸಂಜೆ ಅಪ್ಪ ಗಾಡಿಯ ಪಕ್ಕ ಬಂದು ನಿಂತು, “ಚೈನು ಟೈಟಾಗಿದೆಯೇನೋ?” ಎಂದು ಕೇಳಿದರು.

“ಟೈಟಾಗಿಲ್ಲಪ್ಪ, ಸರಿಯಾಗಿದೆ” ಎಂದ ಮಗ, “ನೀವೊಂದು ಸಲ ಕೂತ್ಕೊಳ್ಳಿ, ಅಳೆದುಬಿಡ್ತೀನಿ” ಎಂದು ಸ್ಕೇಲು ಹಿಡಿದು ಬಗ್ಗಿದ.